ಮದುವೆಯ ಹೂಗುಚ್ಛ ಮನೆಯಲ್ಲೇ: ಹೂವಿನ ಆಯ್ಕೆ, ಕಟ್ಟುವ ಬಗೆ, ಕಾಪಾಡುವ ಕ್ರಮ

ಚರ್ಚಿನಲ್ಲಿ ನಡೆಯುವ ವಿವಾಹದಲ್ಲಿ ವಧುವಿನ ಕೈಯಲ್ಲಿರುವ ಹೂಗುಚ್ಛವು ಮನೆಯಿಂದ ಹೊರಟು, ಬಲಿಪೂಜೆ ಮುಗಿದು, ಛಾಯಾಗ್ರಾಹಕರ ಸರದಿ ಕಳೆದು, ಸಭಾಂಗಣದ ವೇದಿಕೆ ತಲಪುವ ಹೊತ್ತಿಗೆ ನಾಲ್ಕೈದು ಗಂಟೆಗಳು ಸಂದಿರುತ್ತವೆ. ಈ ಅವಧಿಯ ಬಹುಪಾಲು ಹೂವಿಗೆ ನೀರಿನ ಸಂಪರ್ಕವೇ ಇರುವುದಿಲ್ಲ. ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಾಗಲಿ, ಏಪ್ರಿಲ್ ತಿಂಗಳ ಬೆಂಗಳೂರಿನ ಬಿಸಿಲಿನಲ್ಲಾಗಲಿ ಅಷ್ಟು ಹೊತ್ತು ಬಾಡದೆ ನಿಲ್ಲುವ ಗುಚ್ಛವನ್ನು ಕಟ್ಟುವುದೇ ಈ ಕೆಲಸದ ನಿಜವಾದ ಪರೀಕ್ಷೆ. ನೋಡಲು ಅಂದವಾದ ಗುಚ್ಛವನ್ನು ಒಂದೆರಡು ಸಲ ಅಭ್ಯಾಸ ಮಾಡಿದವರು ಯಾರೂ ಕಟ್ಟಬಲ್ಲರು. ಮಧ್ಯಾಹ್ನದವರೆಗೆ ಅದೇ ಅಂದದಲ್ಲಿ ಉಳಿಯುವ ಗುಚ್ಛಕ್ಕೆ ಹೂವಿನ ಸ್ವಭಾವದ ಅರಿವು ಬೇಕು.

'ಬೊಕೆ' ಎಂದೇ ಎಲ್ಲರ ಬಾಯಲ್ಲಿರುವ ಈ ಹೂಗುಚ್ಛವನ್ನು ಮನೆಯಲ್ಲೇ ಸಿದ್ಧಪಡಿಸಿಕೊಳ್ಳುವ ಆಸಕ್ತಿ ಹಲವು ಕುಟುಂಬಗಳಲ್ಲಿದೆ. ಹಿಂದೂ ವಿವಾಹಗಳಲ್ಲಿ ಹಾರಕ್ಕೆ ಇರುವ ಸ್ಥಾನ ಗುಚ್ಛಕ್ಕಿಲ್ಲ. ಆರತಕ್ಷತೆಯ ವೇಳೆ ಕೆಲವು ವಧುಗಳು ಕೈಯಲ್ಲಿ ಸಣ್ಣ ಗುಚ್ಛ ಹಿಡಿಯುವುದುಂಟು, ಅಷ್ಟೆ. ಕರಾವಳಿಯ ಹಾಗೂ ಬೆಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ಮಾತ್ರ ಅದು ಉಡುಗೆಯಷ್ಟೇ ಅಗತ್ಯವಾದ ವಸ್ತು. ಅಂಗಡಿಯಲ್ಲಿ ಮಾಡಿಸಿದರೆ ತೆರುವ ಹಣದ ದೊಡ್ಡ ಪಾಲು ಕೆಲಸಗಾರರ ಕೈಚಳಕಕ್ಕೆ ಸಲ್ಲುತ್ತದೆ. ಹೂವಿನ ಬೆಲೆ ಅದರ ಒಂದು ಭಾಗ ಮಾತ್ರ. ಹಾಗೆಂದು ಉಳಿತಾಯವೊಂದನ್ನೇ ಗುರಿಯಾಗಿಸಿಕೊಂಡು ಕೈಹಾಕುವವರಿಗೆ ನಿರಾಸೆಯಾಗುವ ಸಂಭವವೂ ಇದೆ. ಟೇಪು, ತಂತಿ, ರಿಬ್ಬನ್, ಗುಂಡುಸೂಜಿಗಳನ್ನು ಪೂರ್ತಿ ಪೊಟ್ಟಣವಾಗಿಯೇ ಕೊಳ್ಳಬೇಕಾಗುತ್ತದೆ. ಅಭ್ಯಾಸಕ್ಕೆಂದು ಒಂದು ಕಟ್ಟು ಹೂ ವ್ಯಯವಾಗುತ್ತದೆ. ಮುರಿಯುವ, ಉದುರುವ ಹೂಗಳನ್ನು ಗಮನದಲ್ಲಿಟ್ಟು ಲೆಕ್ಕಕ್ಕಿಂತ ಕಾಲು ಭಾಗ ಹೆಚ್ಚು ತರಬೇಕಾಗುತ್ತದೆ.

ಅರಮನೆಯ ಗುಚ್ಛಗಳ ಪಾಠ

ಇಂದು ಜಗತ್ತಿನ ಹಲವೆಡೆ ಪ್ರಚಲಿತದಲ್ಲಿರುವ ವಧುವಿನ ಹೂಗುಚ್ಛದ ಮಾದರಿಗೆ ಬ್ರಿಟನ್ನಿನ ರಾಜಮನೆತನದ ವಿವಾಹಗಳು ಬಹುಮಟ್ಟಿಗೆ ಪ್ರೇರಣೆ. ವಿಕ್ಟೋರಿಯಾ ರಾಣಿಯ ಹಿರಿಯ ಮಗಳು 1858ರಲ್ಲಿ ತನ್ನ ಮದುವೆಯ ಗುಚ್ಛದಲ್ಲಿ ಮರ್ಟಲ್ ಎಂಬ ಗಿಡದ ಕುಡಿಯೊಂದನ್ನು ಸೇರಿಸಿಕೊಂಡಳು. ವೈಟ್ ದ್ವೀಪದ ಆಸ್‌ಬೋರ್ನ್ ಅರಮನೆಯ ತೋಟದಲ್ಲಿ ಬೆಳೆಸಿದ ಆ ಗಿಡದ ಕುಡಿಯನ್ನು ರಾಜಮನೆತನದ ವಧುಗಳು ತಲೆಮಾರುಗಳಿಂದ ಹಿಡಿಯುತ್ತ ಬಂದಿದ್ದಾರೆ. 1981ರಲ್ಲಿ ಡಯಾನಾ ಹಿಡಿದದ್ದು ಜಲಪಾತದಂತೆ ಇಳಿಬಿದ್ದ ಭಾರೀ ಗುಚ್ಛ. 2011ರಲ್ಲಿ ಕೇಟ್ ಮಿಡಲ್‌ಟನ್ ಕೈಯಲ್ಲಿದ್ದುದು ಅದರ ತದ್ವಿರುದ್ಧವಾದ ಪುಟ್ಟ ಗುಚ್ಛ. ಲಿಲ್ಲಿ ಆಫ್ ದಿ ವ್ಯಾಲಿ, ಹಯಸಿಂತ್, ಐವಿ, ಮರ್ಟಲ್‌ಗಳ ನಡುವೆ ವರನ ಹೆಸರನ್ನೇ ಹೊತ್ತ 'ಸ್ವೀಟ್ ವಿಲಿಯಂ' ಹೂವೂ ಅದರಲ್ಲಿತ್ತು.

ಮನೆಯಲ್ಲಿ ಗುಚ್ಛ ಕಟ್ಟುವವರಿಗೆ ಇವೆಲ್ಲಕ್ಕಿಂತ ಉಪಯುಕ್ತವಾದ ಪ್ರಸಂಗ 1947ರದು. ಎಲಿಜಬೆತ್ ಅವರ ವಿವಾಹದ ದಿನ ಆರ್ಕಿಡ್ ಹೂಗಳ ಗುಚ್ಛವೇ ಕಾಣೆಯಾಯಿತು. ಛಾಯಾಚಿತ್ರ ತೆಗೆಸಿಕೊಳ್ಳುವಾಗ ಗುಚ್ಛ ಸಿಗದೆ, ಮಧುಚಂದ್ರದ ವೇಳೆಯಲ್ಲಿ ನವದಂಪತಿ ಮತ್ತೆ ಮದುವೆಯ ಉಡುಪು ತೊಟ್ಟು, ಬೇರೊಂದು ಗುಚ್ಛ ಹಿಡಿದು ನಿಲ್ಲಬೇಕಾಯಿತು. ಮನೆಯಲ್ಲಿ ಕಟ್ಟುವವರು ಒಂದರ ಬದಲು ಎರಡು ಗುಚ್ಛ ಕಟ್ಟುವುದು ಜಾಣತನ. ಎರಡನೆಯದು ಚಿಕ್ಕದಾಗಿರಲಿ, ನೀರಿನಲ್ಲೇ ಕುಳಿತಿರಲಿ. ಮೊದಲನೆಯದು ನಲುಗಿದರೆ ಅದು ಕೈಗೆ ಬರುತ್ತದೆ. ನಲುಗದಿದ್ದರೆ ಮಾತೆ ಮರಿಯಮ್ಮನ ಪೀಠಕ್ಕೆ ಅರ್ಪಿಸಲೋ, ಗೆಳತಿಯರತ್ತ ಎಸೆಯಲೋ ಒದಗುತ್ತದೆ.

ಯಾವ ಹೂ ನಿಲ್ಲುತ್ತದೆ, ಯಾವುದು ಕೈಕೊಡುತ್ತದೆ

ವಿದೇಶಿ ನಿಯತಕಾಲಿಕೆಗಳ ಚಿತ್ರ ತೋರಿಸಿ 'ಇಂಥದ್ದೇ ಬೇಕು' ಎನ್ನುವ ವಧುಗಳು ಬಹುತೇಕ ಬೆರಳಿಡುವುದು ಪಿಯೋನಿ ಹೂವಿನ ಮೇಲೆ. ಅದು ಕೊರೆಯುವ ಚಳಿಗಾಲವಿಲ್ಲದೆ ಹೂಬಿಡದ ಗಿಡ. ಹೊರದೇಶದಿಂದ ಬರಬೇಕು, ಬೆಲೆ ವಿಪರೀತ, ಬಂದ ಮೇಲೆ ನಮ್ಮ ಹವೆಯಲ್ಲಿ ಬಾಳಿಕೆ ಅಲ್ಪ. ಅದರ ತುಂಬುಮೈಯ ಚೆಲುವನ್ನು ಪೂರ್ಣವಾಗಿ ಅರಳಿದ ಗುಲಾಬಿ, ಲಿಸಿಯಾಂಥಸ್ ಅಥವಾ ಎರಡು ಸುತ್ತಿನ ದಳಗಳ ಸುಗಂಧರಾಜದಿಂದಲೇ ಸಾಧಿಸಬಹುದು.

ಗುಲಾಬಿಯ ವಿಷಯದಲ್ಲಿ ಕರ್ನಾಟಕಕ್ಕೆ ಕೊರತೆಯಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಆನೇಕಲ್ ಭಾಗದ ಪಾಲಿಹೌಸ್‌ಗಳಲ್ಲಿ ಬೆಳೆಯುವ ಉದ್ದ ದಂಟಿನ ಗುಲಾಬಿ 20 ಹೂಗಳ ಕಟ್ಟಿನಲ್ಲಿ ಮಾರಾಟಕ್ಕೆ ಬರುತ್ತದೆ. ಕೆಂಪಿಗೆ ತಾಜ್‌ಮಹಲ್, ಬಿಳಿಗೆ ಅವಲಾಂಚ್ ತಳಿಗಳು ಮಾರುಕಟ್ಟೆಯಲ್ಲಿ ಪರಿಚಿತ ಹೆಸರುಗಳು. ಹೆಬ್ಬಾಳದ ಹೂ ಹರಾಜು ಕೇಂದ್ರದ ವ್ಯವಹಾರ ನೋಂದಾಯಿತ ವ್ಯಾಪಾರಿಗಳದ್ದು. ಮನೆಬಳಕೆಗೆ ಕೊಳ್ಳುವವರು ನಸುಕಿನಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗುವುದು ಅಥವಾ ಪರಿಚಯದ ಹೂವಿನ ಅಂಗಡಿಯವರಿಗೆ ವಾರದ ಮೊದಲೇ ಹೇಳಿಡುವುದು ಸೂಕ್ತ. ಕೊಳ್ಳುವಾಗ ಮೊಗ್ಗಿನ ಬುಡವನ್ನು ಎರಡು ಬೆರಳುಗಳಲ್ಲಿ ಮೆಲ್ಲನೆ ಅದುಮಿ ನೋಡಬೇಕು. ಗಟ್ಟಿಯಾಗಿದ್ದರೆ ಹೊಸ ಹೂ, ಮೆತ್ತಗಿದ್ದರೆ ಹಳೆಯದು. ಹೊರಗಿನ ಎರಡು ಮೂರು ದಳಗಳು ಹಸಿರುಮಿಶ್ರಿತವಾಗಿ, ಕಲೆಯಾಗಿ ಕಂಡರೆ ಹೂ ಕೆಟ್ಟಿದೆಯೆಂದು ತಿಳಿಯಬೇಕಿಲ್ಲ. ಅವು ಒಳಗಿನ ದಳಗಳಿಗೆ ಕವಚವಿದ್ದಂತೆ. ಕಟ್ಟುವ ಮುನ್ನ ಕಿತ್ತು ತೆಗೆದರಾಯಿತು.

ಸುಗಂಧರಾಜಕ್ಕೂ ಬೆಂಗಳೂರಿಗೂ ವಿಶೇಷ ನಂಟು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಶೃಂಗಾರ್, ಪ್ರಜ್ವಲ್, ಸುವಾಸಿನಿ, ವೈಭವ್ ತಳಿಗಳ ಪೈಕಿ ಮೊದಲೆರಡು ಒಂಟಿ ಸುತ್ತಿನವು, ಬಿಡಿ ಹೂವಾಗಿ ಹಾರಕ್ಕೆ ಹೇಳಿಸಿದಂಥವು. ಕೊನೆಯೆರಡು ಹಲವು ಸುತ್ತಿನ ದಳಗಳುಳ್ಳವು, ಗುಚ್ಛಕ್ಕೆ ಹೆಚ್ಚು ಒಪ್ಪುತ್ತವೆ. ಆದರೆ ಇದರ ಕಂಪು ಗಾಢ. ಮುಚ್ಚಿದ ಕಾರಿನಲ್ಲಿ ಅರ್ಧ ಗಂಟೆ ಕುಳಿತರೆ ಕೆಲವರಿಗೆ ತಲೆನೋವು ಬರುತ್ತದೆ. ವಧುವಿಗೆ ಅಂಥ ತೊಂದರೆಯಿದ್ದರೆ ಕೈಬಿಡುವುದೇ ಲೇಸು.

ಕಾರ್ನೇಶನ್ ಹೂವನ್ನು 'ಅಗ್ಗದ ಹೂ' ಎಂದು ಹೀಗಳೆಯುವವರುಂಟು. ನೀರಿಲ್ಲದೆ ದೀರ್ಘಕಾಲ ತಾಳುವುದರಲ್ಲಿ ಅದನ್ನು ಮೀರಿಸುವ ಹೂ ಕಡಿಮೆ. ಮೊದಲ ಬಾರಿ ಕಟ್ಟುವವರು ಗುಲಾಬಿಯ ಜೊತೆ ಅರ್ಧದಷ್ಟು ಕಾರ್ನೇಶನ್ ಬಳಸಿದರೆ ಗುಚ್ಛದ ಆಯಸ್ಸು ಹೆಚ್ಚುತ್ತದೆ, ಸಂದುಗಳೂ ತುಂಬುತ್ತವೆ. ಜರ್ಬೆರಾ ನೋಡಲು ಬೆಡಗಿನದಾದರೂ ಅದರ ದಂಟು ಟೊಳ್ಳು. ತಲೆಭಾರಕ್ಕೆ ಕತ್ತು ಬಾಗುತ್ತದೆ. ದಂಟಿನ ಗುಂಟ ಸಪೂರ ತಂತಿ ಸುತ್ತದೆ ಅದನ್ನು ನಂಬುವಂತಿಲ್ಲ. ಲಿಲ್ಲಿ ಹೂ ಅರಳಿದ ಕೂಡಲೇ ಅದರ ಕೇಸರದ ತುದಿಯಲ್ಲಿರುವ ಪರಾಗದ ಚೀಲಗಳನ್ನು ಕಿತ್ತುಹಾಕಬೇಕು. ಆ ಕಂದುಹುಡಿ ಬಿಳಿಸೀರೆಗೆ, ಗೌನಿಗೆ ಸೋಕಿದರೆ ಬಿಡುವುದಿಲ್ಲ. ಸೋಕಿದ ಪಕ್ಷದಲ್ಲಿ ನೀರು ಹಚ್ಚಿ ಉಜ್ಜಬಾರದು. ಅಂಟುಟೇಪಿನಿಂದ ಮೆಲ್ಲನೆ ಒತ್ತಿ ಎತ್ತಬೇಕು. ಹಿತ್ತಲಲ್ಲಿ ಸುಲಭವಾಗಿ ಸಿಗುತ್ತದೆಂದು ಕಣಗಿಲೆಯನ್ನು ಸೇರಿಸುವುದು ಸಲ್ಲದು. ಆ ಗಿಡದ ಪ್ರತಿಯೊಂದು ಭಾಗವೂ ವಿಷಕಾರಿ. ಅಂಗಡಿಯ ಹೂಗಳ ಮೇಲೆ ಕೀಟನಾಶಕದ ಶೇಷ ಇರಬಹುದಾದ್ದರಿಂದ ಗುಚ್ಛವನ್ನು ಕೇಕಿನ ಮೇಲೆ ಇಟ್ಟು ಚಿತ್ರ ತೆಗೆಸಿಕೊಳ್ಳುವ ರೂಢಿಯನ್ನೂ ಬಿಡುವುದೊಳಿತು.

ಹಸಿರಿಗೆ ಆಸ್ಪರಾಗಸ್, ನೀಲಗಿರಿ ಎಲೆ, ಜರೀಗಿಡದ ಗರಿ ಸಾಕು. ಮರುಗದ ನಾಲ್ಕು ಕಡ್ಡಿ ಸೇರಿಸಿದರೆ ಪರಿಮಳಕ್ಕೆ ಬೇರೇನೂ ಬೇಡ.

ಉಡುಪಿ ಮಲ್ಲಿಗೆಯ ಲೆಕ್ಕಾಚಾರ

ಕರಾವಳಿಯ ಮದುವೆಗೆ ಮಲ್ಲಿಗೆ ಇಲ್ಲದೆ ಆಗದು. ಉಡುಪಿ ಬಳಿಯ ಶಂಕರಪುರದ ಮಲ್ಲಿಗೆ ಬಾಳೆನಾರಿನಲ್ಲಿ ಕಟ್ಟಿದ ಚೆಂಡುಗಳಾಗಿ ಮಾರಾಟವಾಗುತ್ತದೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟಿ. ದರ ದಿನದಿನಕ್ಕೂ ಬದಲಾಗುತ್ತದೆ. ಚಳಿಗಾಲದಲ್ಲಿ ಇಳುವರಿ ತಗ್ಗಿ ಬೆಲೆ ಏರುತ್ತದೆ. ಕೆಥೋಲಿಕರು ಸಾಮಾನ್ಯವಾಗಿ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲೂ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲೂ ಮದುವೆ ಇಟ್ಟುಕೊಳ್ಳುವುದಿಲ್ಲ. ಹೀಗಾಗಿ ಅನೇಕ ಮದುವೆಗಳು ಕ್ರಿಸ್ಮಸ್ ಕಳೆದ ಕೂಡಲೇ, ಎಂದರೆ ಮಲ್ಲಿಗೆ ದುಬಾರಿಯಾಗಿರುವ ದಿನಗಳಲ್ಲೇ ಬೀಳುತ್ತವೆ. ಜನವರಿ ಕೊನೆಯಿಂದ ಫೆಬ್ರವರಿ 14ರ ಪ್ರೇಮಿಗಳ ದಿನದವರೆಗೆ ಗುಲಾಬಿಯ ಬೆಲೆಯೂ ಏರುವುದರಿಂದ ಆ ಅವಧಿಯ ಮದುವೆಯವರಿಗೆ ಎರಡು ಕಡೆಯಿಂದಲೂ ಹೊರೆ. ಅವರು ಕಾರ್ನೇಶನ್, ಸೇವಂತಿಗೆಗಳನ್ನು ಮುಖ್ಯವಾಗಿಟ್ಟುಕೊಂಡು ಗುಲಾಬಿಯನ್ನು ಅಲ್ಲಲ್ಲಿ ಮಾತ್ರ ಇರಿಸುವುದು ಮೇಲು. ಬೆಂಗಳೂರಿನಲ್ಲಿ ವರಮಹಾಲಕ್ಷ್ಮಿ, ಆಯುಧಪೂಜೆಗಳ ಹಿಂದಿನ ದಿನಗಳೂ ಹೂ ಕೊಳ್ಳುವುದಕ್ಕೆ ಪ್ರಶಸ್ತವಲ್ಲ.

ಮಲ್ಲಿಗೆಯ ಸ್ವಭಾವವೇ ಬೇರೆ. ಗುಲಾಬಿಯಂತೆ ದಂಟಿನಿಂದ ನೀರು ಹೀರಿ ಬದುಕುವ ಅನುಕೂಲ ಅದಕ್ಕಿಲ್ಲ. ಮುಂಜಾನೆ ಕೊಯ್ದ ಮೊಗ್ಗು ಸಂಜೆಯ ಹೊತ್ತಿಗೆ ಬಿರಿಯುತ್ತದೆ, ಮರುದಿನ ಬೆಳಿಗ್ಗೆ ಕಂದುತ್ತದೆ. ಬೆಳಗಿನ ಮುಹೂರ್ತಕ್ಕೆ ಅಂದೇ ಕೊಯ್ದ ಮೊಗ್ಗು ಸಿಗುವಂತಿರಬೇಕು. ಇಲ್ಲವಾದರೆ ಹಿಂದಿನ ದಿನದ ಚೆಂಡನ್ನು ಬಾಳೆಲೆಯಲ್ಲಿ ಸುತ್ತಿ ತಂಪಿನಲ್ಲಿಡಬೇಕು. ಗುಚ್ಛದ ಹಿಡಿಗೆ ಮಲ್ಲಿಗೆ ಮಾಲೆ ಸುತ್ತುವುದು ಚಿತ್ರದಲ್ಲಿ ಚೆಂದ. ಬಳಕೆಯಲ್ಲಿ ಅದು ಅಂಗೈಯ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಬಹುಬೇಗ ಕಂದುಬಣ್ಣಕ್ಕೆ ತಿರುಗುತ್ತದೆ. ಅದರ ಬದಲು ಹೂಗಳ ಹೊರ ಅಂಚಿಗೆ, ಹಸಿರೆಲೆಗಳ ಮೇಲೆ ಕೂರುವಂತೆ ಒಂದು ಸುತ್ತು ಮಾಲೆಯನ್ನು ಕಾಲರಿನಂತೆ ಇರಿಸಿದರೆ ಕೈಗೆ ತಗಲುವುದಿಲ್ಲ, ಕೊನೆಯ ಗಳಿಗೆಯಲ್ಲಿ ಸೇರಿಸಲೂಬಹುದು.

ಕಟ್ಟುವ ಮುನ್ನ

ಮದುವೆ ಶನಿವಾರವಾದರೆ ಗುಲಾಬಿ ಗುರುವಾರ ಮನೆಗೆ ಬರಬೇಕು. ಪಾಲಿಹೌಸಿನ ಗುಲಾಬಿ ಬಿಗಿಮೊಗ್ಗಾಗಿಯೇ ಬರುತ್ತದೆ. ಗುಚ್ಛಕ್ಕೆ ಬೇಕಾದಷ್ಟು ಅರಳಲು ಅದಕ್ಕೆ ಒಂದೆರಡು ದಿನ ಬೇಕು. ತಂದ ಕೂಡಲೇ ನೀರಿನ ಮಟ್ಟಕ್ಕಿಂತ ಕೆಳಗಿನ ಎಲೆಗಳನ್ನೂ ಮುಳ್ಳುಗಳನ್ನೂ ತೆಗೆದು, ದಂಟಿನ ತುದಿಯನ್ನು ಹರಿತವಾದ ಚಾಕುವಿನಿಂದ ಒಂದೆರಡು ಅಂಗುಲ ಓರೆಯಾಗಿ ಕತ್ತರಿಸಿ, ತೊಳೆದ ಬಕೆಟ್ಟಿನಲ್ಲಿ ನಿಲ್ಲಿಸಬೇಕು. ಪ್ರಯಾಣದಲ್ಲಿ ದಂಟಿನ ತುದಿಗೆ ಗಾಳಿ ಹೊಕ್ಕು ನೀರಿನ ದಾರಿ ಕಟ್ಟಿರುತ್ತದೆ. ಆ ತುಂಡನ್ನು ತೆಗೆಯದೆ ಎಷ್ಟು ನೀರಿನಲ್ಲಿಟ್ಟರೂ ಹೂ ಕತ್ತು ಬಾಗಿಸುತ್ತದೆ. ನೀರಿನಲ್ಲಿ ಕೊಳೆತ ಎಲೆಯಿಂದ ಬ್ಯಾಕ್ಟೀರಿಯಾ ಬೆಳೆದು ಅದೇ ದಾರಿಯನ್ನು ಮುಚ್ಚುತ್ತದೆ. ಹೂ ಅಂಗಡಿಯಲ್ಲಿ ಸಿಗುವ ಪುಡಿಯ ಬದಲಿಗೆ ಒಂದು ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ, ಒಂದು ಚಮಚ ಬ್ಲೀಚ್ ದ್ರಾವಣ ಬೆರೆಸಿದರೂ ನಡೆಯುತ್ತದೆ. ಇಲ್ಲಿ ಚಮಚವೆಂದರೆ ಚಹಾ ಚಮಚ. ಬಕೆಟ್ಟು ಬಿಸಿಲು, ಫ್ಯಾನಿನ ಗಾಳಿ ತಾಗದ ಕೋಣೆಯಲ್ಲಿರಲಿ.

ಇಲ್ಲಿ ಬಹಳಷ್ಟು ಮಂದಿ ಎಡವುವುದು ಫ್ರಿಜ್ಜಿನಲ್ಲಿ. ಮಾವು, ಬಾಳೆ, ಸೇಬು ಹಣ್ಣುಗಳು ಮಾಗುವಾಗ ಎಥಿಲೀನ್ ಅನಿಲವನ್ನು ಸೂಸುತ್ತವೆ. ಅದೇ ಅನಿಲ ಹೂವನ್ನೂ ಮುದಿಯಾಗಿಸುತ್ತದೆ. ಹಣ್ಣಿನ ಜೊತೆ ಒಂದು ರಾತ್ರಿ ಕಳೆದ ಕಾರ್ನೇಶನ್ ದಳಗಳನ್ನು ಒಳಕ್ಕೆ ಮಡಚಿಕೊಂಡು ನಿದ್ದೆ ಹೋದಂತೆ ಕಾಣುತ್ತದೆ, ಮತ್ತೆ ಅರಳುವುದಿಲ್ಲ. ಹೂ ಇಡುವುದಾದರೆ ಹಣ್ಣುಗಳೆಲ್ಲ ಹೊರಗೆ ಬರಬೇಕು. ಅದಕ್ಕೂ ಮಿಗಿಲಾಗಿ, ಎಲ್ಲ ಹೂಗಳಿಗೂ ತಂಪು ಹಿತವೆಂದು ತಿಳಿಯುವುದು ತಪ್ಪು. ಆಂಥೂರಿಯಂ, ಡೆಂಡ್ರೋಬಿಯಂ ಆರ್ಕಿಡ್‌ಗಳು ಉಷ್ಣವಲಯದ ಸಸ್ಯಗಳು. 10 ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗೆ ಅವುಗಳ ಅಂಗಾಂಶ ಘಾಸಿಗೊಂಡು ಕಪ್ಪುಕಲೆ ಏಳುತ್ತದೆ. ಮನೆಯ ಫ್ರಿಜ್ಜಿನ ಉಷ್ಣತೆ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಿಮೆ. ಇವನ್ನು ನೀರಿನಲ್ಲಿ ಹೊರಗೇ ಇಡಬೇಕು. ಹೊರಗಿಟ್ಟರೆ ಸುಖವಾಗಿರುವ ಕಾರಣ, ಕರಾವಳಿಯ ಬೇಸಿಗೆ ಮದುವೆಗೆ ಇವು ಗುಲಾಬಿಗಿಂತ ಭರವಸೆಯ ಆಯ್ಕೆ.

ಕೈಯಲ್ಲಿ ಗುಚ್ಛ

ಒಂಬತ್ತು ಹತ್ತು ಅಂಗುಲ ಅಗಲದ ದುಂಡನೆಯ ಗುಚ್ಛಕ್ಕೆ 18ರಿಂದ 20 ಗುಲಾಬಿ, ಹತ್ತು ಹನ್ನೆರಡು ಕಾರ್ನೇಶನ್, ಒಂದಿಷ್ಟು ಹಸಿರು ಸಾಕಾಗುತ್ತದೆ. ಇಳಿಬೀಳುವ ಮಾದರಿಗೆ ಪ್ರತಿ ಹೂವಿಗೂ ತಂತಿ ಚುಚ್ಚುವ ಕೆಲಸವಿದೆ. ಮೊದಲ ಪ್ರಯತ್ನಕ್ಕೆ ಅದು ಬೇಡ.

ಮೊದಲ ಗುಲಾಬಿಯನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ನೆಟ್ಟಗೆ ಹಿಡಿಯಬೇಕು. ಎರಡನೆಯದನ್ನು ಅದರ ಮೇಲೆ ಓರೆಯಾಗಿ, ಹೂ ಎಡಕ್ಕೂ ದಂಟಿನ ತುದಿ ಬಲಕ್ಕೂ ಬರುವಂತೆ ಇಡಬೇಕು. ಎರಡು ದಂಟುಗಳು ಒಂದನ್ನೊಂದು ದಾಟುವ ಜಾಗ ಹೆಬ್ಬೆರಳಿನ ಕೆಳಗಿರಬೇಕು. ಮುಂದಿನ ಪ್ರತಿಯೊಂದು ದಂಟೂ ಅದೇ ದಿಕ್ಕಿಗೆ ಓರೆಯಾಗಬೇಕು. ಒಂದೆರಡು ಹೂ ಸೇರಿಸಿದಾಗಲೆಲ್ಲ ಇಡೀ ಗುಚ್ಛವನ್ನು ಒಂದೇ ಕಡೆಗೆ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋಗಬೇಕು. ಒಂದೇ ಒಂದು ದಂಟು ತಿರುವುಮುರುವಾದರೂ ಬಿಗಿಯುವಾಗ ಅದು ಪಕ್ಕದ ದಂಟನ್ನು ಮುರಿಯುತ್ತದೆ. ಸರಿಯಾಗಿ ಕೂಡಿಸಿದ ಗುಚ್ಛ ಮೇಲೂ ಕೆಳಗೂ ಅರಳಿ, ನಡುವೆ ಸಣ್ಣಗಾಗಿ ಡಮರುವಿನಂತೆ ಕಾಣುತ್ತದೆ. ದಂಟುಗಳನ್ನು ಸಮನಾಗಿ ಕತ್ತರಿಸಿ ಮೇಜಿನ ಮೇಲಿಟ್ಟರೆ ಆಸರೆಯಿಲ್ಲದೆ ನಿಲ್ಲಬೇಕು. ನಿಂತರೆ ಕೆಲಸ ಕಲಿತಂತೆ. ನಿಲ್ಲದಿದ್ದರೆ ಬಿಚ್ಚಿ ಮತ್ತೆ ಕಟ್ಟುವುದರಲ್ಲಿ ಸಂಕೋಚ ಬೇಡ. ಈ ಕಾರಣಕ್ಕಾಗಿಯೇ ವಾರದ ಮುಂಚೆ ಅಗ್ಗದ ಸೇವಂತಿಗೆ ಕಡ್ಡಿಗಳಲ್ಲಿ ಒಮ್ಮೆ ಅಭ್ಯಾಸ ಅಗತ್ಯ. ಹಾರ, ಜಡೆ ಕಟ್ಟಿ ಅಭ್ಯಾಸವಿರುವ ಮನೆಯ ಹಿರಿಯ ಹೆಂಗಸರಿಗೆ ಇದು ಬಹುಬೇಗ ಕೈಗೂಡುತ್ತದೆ.

ಹೂತಲೆಗಿಂತ ಮೂರು ನಾಲ್ಕು ಅಂಗುಲ ಕೆಳಗೆ, ದಂಟುಗಳು ಸೇರುವಲ್ಲಿ ಕಟ್ಟು ಬೀಳಬೇಕು. ಸಪೂರ ನೂಲು ಮೆದು ದಂಟಿನೊಳಗೆ ಇಳಿದು ಕತ್ತರಿಸುತ್ತದೆ. ನೀರಿನಲ್ಲಿ ತೋಯಿಸಿದ ಅಗಲ ಬಾಳೆನಾರು ಇದಕ್ಕೆ ಎಲ್ಲಕ್ಕಿಂತ ಸೂಕ್ತ. ಮೇಲೆ ಹೂ ಕಟ್ಟುವವರ ಹಸಿರು ಟೇಪನ್ನು ಎಳೆದೆಳೆದು ಸುತ್ತಬೇಕು. ಎಳೆದಾಗ ಮಾತ್ರ ಅದರ ಅಂಟು ಹೊರಬರುತ್ತದೆ. ಮುಷ್ಟಿಯ ಕೆಳಗೆ ಮೂರು ಬೆರಳಗಲ ಉಳಿಯುವಂತೆ ದಂಟುಗಳನ್ನು ಸಮಗೊಳಿಸಬೇಕು. ಅಂಗಡಿಗಳಲ್ಲಿ 'ಓಯಸಿಸ್' ಹೆಸರಿನಲ್ಲಿ ದೊರಕುವ ಹಸಿರು ಸ್ಪಂಜಿನ ಹಿಡಿಯೊಳಗೆ ಹೂ ಚುಚ್ಚುವುದು ಸುಲಭದ ದಾರಿಯೆನಿಸಿದರೂ ಅದು ಮಣ್ಣಿನಲ್ಲಿ ಕೊಳೆಯದ ಪ್ಲಾಸ್ಟಿಕ್ಕು. ಜೊತೆಗೆ ತೊಟ್ಟಿಕ್ಕುವ ನೀರು ಸೀರೆಗೆ ಶತ್ರು.

ಈ ಕೆಲಸವೆಲ್ಲ ಶುಕ್ರವಾರ ಮುಗಿಯಬೇಕು. ಮಂಗಳೂರು ಕೆಥೋಲಿಕರ ಮನೆಗಳಲ್ಲಿ ಮದುವೆಯ ಮುನ್ನಾದಿನವೇ ತೆಂಗಿನ ಹಾಲು ಹಚ್ಚುವ 'ರೋಸ್' ಶಾಸ್ತ್ರ. ಸಂಜೆಯಾಗುತ್ತಲೇ ಮನೆ ನೆಂಟರಿಂದ ತುಂಬುತ್ತದೆ, ಎಲ್ಲರ ಕೈಯೂ ಹಾಲು, ಎಣ್ಣೆ. ಆ ಹೊತ್ತಿಗೆ ಹೂ ಕಟ್ಟಲು ಕೂರುವ ಯೋಜನೆ ಹಾಕಿಕೊಂಡವರು ಮಧ್ಯರಾತ್ರಿ ಬಕೆಟ್ಟಿನ ಮುಂದೆ ಕೂರಬೇಕಾಗುತ್ತದೆ. ಗುಚ್ಛವನ್ನು ಮಧ್ಯಾಹ್ನದೊಳಗೆ ಮುಗಿಸಿ, ದಂಟಿನ ತುದಿ ಮಾತ್ರ ಮುಳುಗುವಂತೆ ಅಗಲ ಬಾಯಿಯ ಪಾತ್ರೆಯಲ್ಲಿ ನಿಲ್ಲಿಸಿ, ಮಕ್ಕಳ ಕೈಗೆಟುಕದ ಕೋಣೆಯಲ್ಲಿ ಬೀಗ ಹಾಕಿಡುವುದೇ ಕ್ಷೇಮ. ವಧು ತಾನೇ ತನ್ನ ಗುಚ್ಛ ಕಟ್ಟಿಕೊಳ್ಳುವುದು ಕೇಳಲು ಸೊಗಸು. ಹೂ ಆರಿಸುವುದು, ಅಭ್ಯಾಸದ ದಿನ ಕಟ್ಟುವುದು ಅವಳದಾಗಿರಲಿ. ಮುನ್ನಾದಿನದ ಕೆಲಸ ಅಕ್ಕನಿಗೋ ಚಿಕ್ಕಮ್ಮನಿಗೋ ಸಲ್ಲಬೇಕು, ಮತ್ತು ಆ ಒಬ್ಬರಿಗೆ ಅಂದು ಬೇರೆ ಯಾವ ಜವಾಬ್ದಾರಿಯೂ ಇರಬಾರದು.

ಮದುವೆಯ ಬೆಳಿಗ್ಗೆ

ಹೊರಡುವುದಕ್ಕೆ ಅರ್ಧ ಗಂಟೆ ಮೊದಲು ಗುಚ್ಛವನ್ನು ನೀರಿನಿಂದೆತ್ತಿ, ದಂಟುಗಳನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಎರಡು ಮೀಟರ್ ಸ್ಯಾಟಿನ್ ರಿಬ್ಬನ್ನನ್ನು ಮೇಲಿನಿಂದ ಕೆಳಕ್ಕೆ ಸುತ್ತಬೇಕು. ತುದಿಯ ಒಂದಂಗುಲ ದಂಟು ಬರಿದಾಗಿಯೇ ಇರಲಿ. ಬಿಡುವು ಸಿಕ್ಕಾಗ ರಿಬ್ಬನ್ ನೆನೆಯದಂತೆ ಮತ್ತೆ ನೀರಿಗಿಡಲು ಇದು ಅನುಕೂಲ. ಮುತ್ತಿನ ತಲೆಯ ಗುಂಡುಸೂಜಿಗಳನ್ನು ಮೇಲ್ಮುಖವಾಗಿ ಓರೆಯಾಗಿ ದಂಟಿನೊಳಕ್ಕೆ ಚುಚ್ಚಬೇಕು. ಅಡ್ಡಲಾಗಿ ಚುಚ್ಚಿದ ಸೂಜಿ ಆಚೆ ಬದಿಯಲ್ಲಿ ಹೊರಬಂದು ಕೈಗೂ ಸೀರೆಯ ಸೆರಗಿಗೂ ತಾಗುತ್ತದೆ. ಮುಗಿದ ಮೇಲೆ ಇಡೀ ಹಿಡಿಯ ಮೇಲೆ ಬೆರಳಾಡಿಸಿ ನೋಡುವುದನ್ನು ಮರೆಯುವಂತಿಲ್ಲ.

ಪ್ರಯಾಣದಲ್ಲಿ ಗುಚ್ಛ ಸೀಟಿನ ಮೇಲೆ ಮಲಗಬಾರದು. ಒಂದು ಬದಿ ಚಪ್ಪಟೆಯಾಗುತ್ತದೆ. ಸಣ್ಣ ಬಕೆಟ್ಟಿನಲ್ಲಿ ನೇರವಾಗಿ ನಿಲ್ಲಿಸಿ ಕಾಲಬುಡದಲ್ಲಿಟ್ಟುಕೊಳ್ಳಬೇಕು. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನಲ್ಲಿ ಹತ್ತು ನಿಮಿಷ ಮರೆತು ಬಿಟ್ಟರೂ ಎರಡು ದಿನದ ಆರೈಕೆ ವ್ಯರ್ಥ. ಉಂಗುರ ತೊಡಿಸುವ ವೇಳೆ ಗುಚ್ಛ ವಧುವಿನ ಸಖಿಯ ಕೈಗೆ ಹೋಗುತ್ತದೆ. ಹೋದದ್ದು ಮರಳಿ ಬರಬೇಕೆಂಬುದನ್ನು ಆಕೆಗೆ ಮೊದಲೇ ತಿಳಿಸಿರಬೇಕು. ಹೆಚ್ಚಿನ ವಧುಗಳು ಗುಚ್ಛವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ. ಆಗ ತಾಳಿ, ಸರ, ರವಿಕೆಯ ಕಸೂತಿ ಎಲ್ಲವೂ ಮರೆಯಾಗಿ, ತೋಳು ಬೇಗ ಸೋಲುತ್ತದೆ. ಮೊಣಕೈ ಸಡಿಲಬಿಟ್ಟು ಹೊಕ್ಕುಳಿನ ಮಟ್ಟದಲ್ಲಿ ಹಿಡಿದರೆ ಎರಡೂ ತೊಂದರೆಯಿಲ್ಲ.

ಗುಚ್ಛವನ್ನು ನೆನಪಿಗಾಗಿ ಉಳಿಸಿಕೊಳ್ಳುವ ಇಚ್ಛೆಯಿದ್ದರೆ ಅಂದೇ ರಾತ್ರಿ ರಿಬ್ಬನ್ನು ಬಿಚ್ಚಿ, ಕತ್ತಲೆಯ, ಗಾಳಿಯಾಡುವ ಜಾಗದಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ಎರಡು ಮೂರು ವಾರಗಳಲ್ಲಿ ಗುಲಾಬಿ ಒಣಗಿ ಗಟ್ಟಿಯಾಗುತ್ತದೆ. ಮಳೆಗಾಲದ ಕರಾವಳಿಯಲ್ಲಿ ಮಾತ್ರ ಈ ಉಪಾಯ ಫಲಿಸದು, ಒಣಗುವ ಮೊದಲೇ ಬೂಸರು ಹಿಡಿಯುತ್ತದೆ. ಅಲ್ಲಿಯವರು ನಾಲ್ಕಾರು ಹೂಗಳನ್ನು ಆರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ನಡುವೆ ಹೂತಿಡಬೇಕು. ಉಳಿದ ಹೂವನ್ನು ತೆಂಗಿನ ಬುಡಕ್ಕೆ ಹಾಕುವ ಮುನ್ನ ಗುಂಡುಸೂಜಿಗಳನ್ನು ಎಣಿಸಿ ತೆಗೆದಿರಬೇಕು.